ಹಸಿರು ಕಂಬಿ ಬೇಕಾ? ಕೊಟ್ಟಿಗೆ, ತೊಟ್ಟಿ ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ಬೆಳೆ ಬಗ್ಗೆ ಬರೋ ಪ್ರಶ್ನೆಗಳ ನಡುವೆ ಈಚೆಗೆ ಕಟ್ಟಡದ ಪ್ರಶ್ನೆಯೂ ಬರ್ತಿದೆ. ಹಾರನಹಳ್ಳಿ, ಪಿರಿಯಾಪಟ್ಟಣ, ಹುಣಸೂರು, ಕೋಟೆ ಕಡೆಯ ಹುಡುಗರು ಹೈನುಗಾರಿಕೆಗೆ ಸಾಲ ತೆಗೆದು ಕೊಟ್ಟಿಗೆ ಕಟ್ಟಿಸ್ತಿದ್ದಾರೆ. ಕೆಲವರು ಸ್ಲರಿ ತೊಟ್ಟಿ, ಕೆಲವರು ಜೀವಾಮೃತದ ತೊಟ್ಟಿ, ಇನ್ನು ಕೆಲವರು ಗೊಬ್ಬರದ ಕೋಣೆ. "ಮೊಬೈಲಲ್ಲಿ ಹಸಿರು ಬಣ್ಣದ ಕಂಬಿ ನೋಡಿದೆ. ತುಕ್ಕೇ ಹಿಡಿಯಲ್ವಂತೆ. ಗಂಜಲ ಬೀಳೋ ಜಾಗಕ್ಕೆ ಅದೇ ಹಾಕ್ಸಿದ್ರೆ ಒಳ್ಳೇದಾ?" ಅಂತ ಕೇಳ್ತಾರೆ.

ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ಬೇಸಾಯ. ಪಿಲ್ಲರ್ ಎಷ್ಟು ದಪ್ಪ ಇರಬೇಕು, ಎಷ್ಟು ಕಂಬಿ ಬೇಕು ಅನ್ನೋದನ್ನು ನಿಮ್ಮ ಎಂಜಿನಿಯರ್ ಹೇಳಬೇಕು. ಆದರೆ ಕಂಬಿ ಯಾಕೆ ತುಕ್ಕು ಹಿಡಿಯುತ್ತೆ, ಅದನ್ನು ತಡೆಯೋದು ಹೇಗೆ ಅನ್ನೋದು ಉಪ್ಪು, ನೀರು, ಗಾಳಿ, ಆಮ್ಲದ ಲೆಕ್ಕ. ಮಣ್ಣಿನ ಪಿಎಚ್ ಗೊತ್ತಿರೋ ರೈತನಿಗೆ ಇದು ಕಷ್ಟದ ವಿಷಯ ಅಲ್ಲ.

ಮೊದಲೇ ಉತ್ತರ ಹೇಳಿಬಿಡ್ತೀನಿ. ನಮ್ಮ ಕಡೆ ಕಟ್ಟೋ ಕೊಟ್ಟಿಗೆ, ತೊಟ್ಟಿಗೆ ಹಸಿರು ಕಂಬಿ ಬೇಕಾಗೋದು ಅಪರೂಪ. ಅದಕ್ಕೆ ಕೊಡೋ ಹೆಚ್ಚಿನ ದುಡ್ಡಲ್ಲಿ ಸ್ವಲ್ಪ ಭಾಗವನ್ನು ಕಂಬಿಯ ಸುತ್ತ ಇರೋ ಕಾಂಕ್ರೀಟಿಗೆ ಹಾಕಿದರೆ ಕಟ್ಟಡ ಹೆಚ್ಚು ವರ್ಷ ಬಾಳುತ್ತೆ. ಯಾಕೆ ಅಂತ ಮುಂದೆ ನೋಡೋಣ.

ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯೋದು ಯಾಕೆ?

ಬಯಲಲ್ಲಿ ಬಿಟ್ಟ ಕಂಬಿ ಒಂದು ಮಳೆಗೇ ಕೆಂಪಾಗುತ್ತೆ. ಅದೇ ಕಂಬಿ ಒಳ್ಳೆ ಕಾಂಕ್ರೀಟಿನೊಳಗೆ ಐವತ್ತು ವರ್ಷ ಇದ್ದರೂ ಹಾಗೇ ಇರಬಹುದು. ಕಾರಣ ಸಿಮೆಂಟಿನ ಸುಣ್ಣದ ಗುಣ. ಹೊಸ ಕಾಂಕ್ರೀಟಿನ ಪಿಎಚ್ 12.5ರಿಂದ 13ರಷ್ಟು ಇರುತ್ತೆ. ಅಷ್ಟು ಕ್ಷಾರದಲ್ಲಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತೆ. ಆ ಪೊರೆ ಇರೋವರೆಗೂ ತುಕ್ಕಿಲ್ಲ.

ಈ ಪೊರೆಯನ್ನು ಕೆಡಿಸೋದು ಮುಖ್ಯವಾಗಿ ಎರಡು.

ಒಂದು, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್. ಅದು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನಿಧಾನವಾಗಿ ಒಳಗೆ ಇಳಿದು, ಸುಣ್ಣದ ಜೊತೆ ಸೇರಿ, ಪಿಎಚ್ಚನ್ನು 9ಕ್ಕಿಂತ ಕೆಳಗೆ ತರುತ್ತೆ. ಈ ಬದಲಾವಣೆ ಕಂಬಿಯ ತನಕ ಮುಟ್ಟಿದ ದಿನ ಪೊರೆ ಹೋಯ್ತು. ಆಮೇಲೆ ತೇವ ಸಿಕ್ಕರೆ ಸಾಕು, ತುಕ್ಕು ಶುರು.

ಎರಡು, ಕ್ಲೋರೈಡ್. ಅಂದರೆ ಉಪ್ಪಿನ ಅಂಶ. ಇದು ಪಿಎಚ್ ಚೆನ್ನಾಗಿದ್ದರೂ ಬಿಡಲ್ಲ. ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ, ಆ ಒಂದೊಂದು ಜಾಗದಲ್ಲೇ ಕಂಬಿಯನ್ನು ಆಳವಾಗಿ ತಿನ್ನುತ್ತೆ.

ತುಕ್ಕಿನಿಂದ ಕಂಬಿ ಸಣ್ಣಗಾಗೋದು ಒಂದು ನಷ್ಟ. ದೊಡ್ಡ ನಷ್ಟ ಬೇರೆ ಇದೆ. ತುಕ್ಕು ಕರಗಿದ ಉಕ್ಕಿಗಿಂತ 2ರಿಂದ 6 ಪಟ್ಟು ಹೆಚ್ಚು ಜಾಗ ಹಿಡಿಯುತ್ತೆ. ಒಳಗಿಂದ ಊದಿಕೊಂಡ ತುಕ್ಕು ಕಾಂಕ್ರೀಟನ್ನು ಸೀಳುತ್ತೆ. ಕಂಬಿಯ ಉದ್ದಕ್ಕೂ ಬಿರುಕು ಬರುತ್ತೆ, ಆ ಬಿರುಕಲ್ಲಿ ಇನ್ನಷ್ಟು ನೀರು, ಗಾಳಿ ಹೋಗುತ್ತೆ, ಕೊನೆಗೆ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಮೋಲ್ಡಿನ ಕೆಳಗೆ ಹಸು ಕಟ್ಟಿರ್ತೀರಿ, ಹಾಲು ಕರೆಯೋಕೆ ಮನೆಯವರು ಕೂತಿರ್ತಾರೆ. ಚಕ್ಕೆ ಬೀಳೋದು ಅವರ ತಲೆ ಮೇಲೆ.

ಹಸಿರು ಕಂಬಿ ಅಂದರೆ ಏನು?

ಅದರ ಹೆಸರು ಎಪಾಕ್ಸಿ ಕೋಟೆಡ್ ಕಂಬಿ. ಒಳಗಿರೋದು ಮಾಮೂಲಿ ಟಿಎಂಟಿ ಕಂಬಿಯೇ. ಕಾರ್ಖಾನೆಯಲ್ಲಿ ಅದರ ಮೇಲ್ಮೈಯನ್ನು ಉಕ್ಕಿನ ಹರಳು ಚಿಮ್ಮಿಸಿ ಉಜ್ಜಿ, ಸುಮಾರು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಎಪಾಕ್ಸಿ ಪುಡಿಯನ್ನು ವಿದ್ಯುತ್ ಆವೇಶ ಕೊಟ್ಟು ಸಿಂಪಡಿಸ್ತಾರೆ. ಬಿಸಿಗೆ ಪುಡಿ ಕರಗಿ ಕಂಬಿಗೆ ಅಂಟಿ ಗಟ್ಟಿಯಾಗುತ್ತೆ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 13620 ಅನ್ನೋ ಮಾನದಂಡ 1993ರಿಂದ ಇದೆ. ಪದರದ ದಪ್ಪ 0.1ರಿಂದ 0.3 ಮಿಲಿಮೀಟರ್ ಇರಬೇಕು ಅಂತ ಅದು ಹೇಳುತ್ತೆ.

ಅಂಗಡಿಯಲ್ಲಿ ಇನ್ನೂ ಎರಡು ಬಗೆಯ ಲೇಪನದ ಮಾತು ಕೇಳ್ತೀರಿ. ಒಂದು ಸತುವಿನ ಲೇಪನ, ಅಂದರೆ ಜಿಐ ಮಾಡಿದ ಕಂಬಿ. ಇನ್ನೊಂದು ಸಿಮೆಂಟ್ ಮತ್ತು ಪಾಲಿಮರ್ ಸೇರಿಸಿ ಬಳಿಯೋದು. ಇದನ್ನು ರೂಪಿಸಿದ್ದು ತಮಿಳುನಾಡಿನ ಕಾರೈಕುಡಿಯಲ್ಲಿರೋ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ. ಈ ಮೂರೂ ಬೇರೆ ಬೇರೆ. ಅಂಗಡಿಯವರು ಬರೀ "ಕೋಟಿಂಗ್ ಕಂಬಿ" ಅಂದರೆ, ಯಾವ ಕೋಟಿಂಗ್ ಅಂತ ಕೇಳಿ.

ಎಪಾಕ್ಸಿ ಕಂಬಿ ಹುಟ್ಟಿದ್ದು ನಮ್ಮಂಥ ಊರಿಗಾಗಿ ಅಲ್ಲ. ಅಮೆರಿಕದ ಹಿಮ ಬೀಳೋ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸೋಕೆ ಉಪ್ಪು ಸುರೀತಾರೆ. ಆ ಉಪ್ಪುನೀರು ಸೇತುವೆಗಳ ಕಂಬಿ ತಿನ್ನೋಕೆ ಶುರು ಮಾಡಿದಾಗ ಕಂಡುಕೊಂಡ ದಾರಿ ಇದು. 1973ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸೇತುವೆಯಲ್ಲಿ ಮೊದಲು ಹಾಕಿದರು. ಅಲ್ಲಿನ ಸೇತುವೆಗಳ ಮೇಲ್ಹಾಸಿಗೆ ಇವತ್ತಿಗೂ ಬಳಸ್ತಾರೆ.

ಆದರೆ ಅದೇ ದೇಶದ ಫ್ಲಾರಿಡಾದಲ್ಲಿ ಬೇರೆ ಕಥೆ ಆಯ್ತು. ಸಮುದ್ರದ ಮೇಲೆ ಕಟ್ಟಿದ ಸೆವೆನ್ ಮೈಲ್ ಬ್ರಿಡ್ಜ್ ಮತ್ತು ಅದರ ಸಾಲಿನ ಇತರ ಸೇತುವೆಗಳ ಕಂಬಗಳಿಗೆ ಎಪಾಕ್ಸಿ ಕಂಬಿಯನ್ನೇ ಹಾಕಿದ್ದರು. ಆ ಸೇತುವೆಗಳು 1980ರ ಆಸುಪಾಸಿನವು. 1986ರ ಹೊತ್ತಿಗೇ ನೀರು ಎರಚೋ ಮಟ್ಟದಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಬಿರಿದದ್ದು ಕಾಣಿಸ್ತು. ಲೇಪನದಲ್ಲಿ ಸಣ್ಣ ಸಣ್ಣ ಗಾಯ ಇತ್ತು, ಬಗ್ಗಿಸಿದ ಕಡೆ ಅಂಟು ಸಡಿಲವಾಗಿತ್ತು, ಉಪ್ಪುನೀರು ಅದರ ಅಡಿಗೆ ನುಗ್ಗಿತ್ತು. ಆಮೇಲೆ ಆ ರಾಜ್ಯ ಎಪಾಕ್ಸಿ ಕಂಬಿ ಬಳಸೋದನ್ನೇ ನಿಲ್ಲಿಸ್ತು.

ಇದರಿಂದ ನಾವು ತಿಳಿಯಬೇಕಾದ್ದು ಇಷ್ಟು. ಲೇಪನ ಒಂದು ರೇನ್‌ಕೋಟ್ ಇದ್ದ ಹಾಗೆ. ಹರಿಯದೆ ಇದ್ದರೆ ಕಾಪಾಡುತ್ತೆ. ಒಂದು ಕಡೆ ತೂತಾದರೆ ನೀರೆಲ್ಲ ಅಲ್ಲಿಂದಲೇ ಒಳಗೆ ಬರುತ್ತೆ, ಒಳಗೆ ಬಂದದ್ದು ಬೇಗ ಒಣಗೋದೂ ಇಲ್ಲ. ಲೇಪನ ಕಿತ್ತ ಜಾಗದಲ್ಲಿ ಉಪ್ಪು ಸಿಕ್ಕರೆ ತುಕ್ಕೆಲ್ಲ ಆ ಚಿಕ್ಕ ಜಾಗದಲ್ಲೇ ಕೆಲಸ ಮಾಡಿ ಕಂಬಿಯಲ್ಲಿ ಗುಳಿ ತೋಡುತ್ತೆ.

ಈಗ ನಮ್ಮೂರಲ್ಲಿ ಕಂಬಿ ಕೆಲಸ ಹೇಗೆ ನಡೆಯುತ್ತೆ ನೆನಪು ಮಾಡ್ಕೊಳ್ಳಿ. ಟ್ರಾಕ್ಟರ್ ಟ್ರೈಲರಿಂದ ಕಂಬಿ ಕೆಳಗೆ ಎಸೀತಾರೆ. ಜಲ್ಲಿ ಮೇಲೆ ಎಳೀತಾರೆ. ಕಬ್ಬಿಣದ ಮೊಳೆ ಹೊಡೆದ ಹಲಗೆಗೆ ಸಿಕ್ಕಿಸಿ ಬಗ್ಗಿಸ್ತಾರೆ. ಬೈಂಡಿಂಗ್ ವೈರ್ ಬಿಗೀತಾರೆ. ವೈಬ್ರೇಟರ್ ಕಂಬಿಗೆ ತಾಗುತ್ತೆ. ಇಷ್ಟೆಲ್ಲ ಆದ ಮೇಲೆ ಕೂದಲೆಳೆಯಷ್ಟು ದಪ್ಪದ ಲೇಪನ ಎಷ್ಟು ಕಡೆ ಉಳಿದಿರುತ್ತೆ?

ನಮ್ಮ ಕಡೆಯ ಉಪ್ಪು ಸಮುದ್ರದ್ದಲ್ಲ

ಕರಾವಳಿಯಲ್ಲಿ ಗಾಳಿಯೇ ಉಪ್ಪು. ಗೋವಾದ ಮಾಂಡೋವಿ ನದಿ ಸೇತುವೆ 1986ರ ಜುಲೈ 5ರಂದು ಕುಸಿದು ಬಿತ್ತು. ಕಟ್ಟಿ 20 ವರ್ಷವೂ ಆಗಿರಲಿಲ್ಲ. ಒಳಗಿನ ಉಕ್ಕಿನ ತಂತಿಗಳು ತುಕ್ಕು ಹಿಡಿದದ್ದೇ ಕಾರಣ ಅಂತ ಎಂಜಿನಿಯರುಗಳು ಹೇಳಿದರು. ಕುಮಟಾ, ಅಂಕೋಲಾ ಕಡೆಯ ಗಜನಿ ಗದ್ದೆ, ಉಡುಪಿ, ಮಂಗಳೂರು, ಕಾಸರಗೋಡಿನ ಹಿನ್ನೀರಿನ ದಂಡೆ, ಸಿಗಡಿ ಹೊಂಡ, ಇಂಥ ಕಡೆ ಲೇಪನದ ಕಂಬಿಯ ಮಾತಾಡೋದಕ್ಕೆ ಅರ್ಥ ಇದೆ.

ಹಾರನಹಳ್ಳಿಗೆ ಸಮುದ್ರದ ಗಾಳಿ ಬರಲ್ಲ. ಆದರೆ ಉಪ್ಪು ಬರುತ್ತೆ, ನಾವೇ ಚೀಲದಲ್ಲಿ ತರ್ತೀವಿ.

ಹೊಗೆಸೊಪ್ಪು ಬೆಳೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ವರ್ಜೀನಿಯಾ ಹೊಗೆಸೊಪ್ಪಿಗೆ ಕೆಂಪು ಪೊಟ್ಯಾಷ್, ಅಂದರೆ ಎಂಒಪಿ ಹಾಕಬೇಡಿ, ಎಸ್‌ಒಪಿ ಹಾಕಿ ಅಂತ ನಮ್ಮ ಭಾಗದಲ್ಲಿ ಎಲ್ಲರಿಗೂ ಹೇಳಿದ್ದಾರೆ. ಯಾಕೆ? ಎಂಒಪಿಯಲ್ಲಿ ಕ್ಲೋರೈಡ್ ಇದೆ. ಅದು ಎಲೆಗೆ ಸೇರಿದರೆ ಎಲೆ ತೇವ ಎಳ್ಕೊಳ್ಳುತ್ತೆ, ಸರಿಯಾಗಿ ಉರಿಯಲ್ಲ, ಹರಾಜು ಕಟ್ಟೆಯಲ್ಲಿ ರೇಟು ಬೀಳುತ್ತೆ. ಎಲೆಯನ್ನು ಕೆಡಿಸೋ ಅದೇ ಕ್ಲೋರೈಡ್ ಕಂಬಿಯನ್ನೂ ತಿನ್ನುತ್ತೆ. ಶುಂಠಿ, ಜೋಳ, ಬಾಳೆ, ಭತ್ತಕ್ಕೆ ಅಂತ ತಂದ ಎಂಒಪಿ ಚೀಲಗಳನ್ನು ಎಲ್ಲಿ ಇಡ್ತೀರಿ? ಪಂಪ್‌ಹೌಸಿನ ಮೂಲೆಯಲ್ಲಿ ಪಿಲ್ಲರಿಗೆ ಒರಗಿಸಿ.

ಒಂದು ಸಣ್ಣ ಲೆಕ್ಕ ಮಾಡೋಣ. 60 ಪರ್ಸೆಂಟ್ ಪೊಟ್ಯಾಷ್ ಇರೋ 50 ಕೆಜಿ ಎಂಒಪಿ ಚೀಲದಲ್ಲಿ ಸುಮಾರು 22 ಕೆಜಿ ಕ್ಲೋರೈಡ್ ಇರುತ್ತೆ. ಕಾಂಕ್ರೀಟಿನ ಮುಖ್ಯ ಮಾನದಂಡ ಐಎಸ್ 456 ಪ್ರಕಾರ, ಕಂಬಿ ಇರೋ ಕಾಂಕ್ರೀಟಿನಲ್ಲಿ ಹಾಕೋ ಹೊತ್ತಿಗೆ ಒಂದು ಘನ ಮೀಟರಿಗೆ 0.6 ಕೆಜಿಗಿಂತ ಹೆಚ್ಚು ಕ್ಲೋರೈಡ್ ಇರಬಾರದು. ಅಂದರೆ ಒಂದೇ ಚೀಲದಲ್ಲಿ 36 ಘನ ಮೀಟರ್ ಕಾಂಕ್ರೀಟನ್ನು ಆ ಮಿತಿಗೆ ಮುಟ್ಟಿಸೋವಷ್ಟು ಉಪ್ಪಿದೆ. ಚೀಲ ಹರಿದು ನೆಲಕ್ಕೆ ಸುರಿದದ್ದು, ಮಳೆಗಾಲದಲ್ಲಿ ಕರಗಿ ಪಿಲ್ಲರಿನ ಬುಡಕ್ಕೆ ಇಂಗಿದ್ದು ಕಣ್ಣಿಗೆ ಕಾಣಲ್ಲ.

ನನ್ನ ಹಾಗೆ ಸಾವಯವ ಮಾಡೋರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ದನಕ್ಕೆ ಉಪ್ಪು, ಖನಿಜ ಮಿಶ್ರಣ ಕೊಡ್ತೀವಲ್ಲ, ಅದರ ಬಹುಪಾಲು ಗಂಜಲದಲ್ಲೇ ಹೊರಗೆ ಬರುತ್ತೆ. ಜೀವಾಮೃತದಲ್ಲಿ ಬೆಲ್ಲ ಹುಳಿ ಬಂದಾಗ ಸಾವಯವ ಆಮ್ಲ ಹುಟ್ಟುತ್ತೆ. ರಸಮೇವು, ಅಂದರೆ ಸೈಲೇಜಿನಿಂದ ಸೋರೋ ನೀರು ಪಿಎಚ್ 4ರ ಆಸುಪಾಸಿನ ಆಮ್ಲ. ಮುಚ್ಚಿದ ಸ್ಲರಿ ತೊಟ್ಟಿಯಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಆ ಹೈಡ್ರೋಜನ್ ಸಲ್ಫೈಡನ್ನು ಗೋಡೆಯ ಮೇಲ್ಭಾಗದ ತೇವದಲ್ಲಿರೋ ಬ್ಯಾಕ್ಟೀರಿಯಾ ಗಂಧಕಾಮ್ಲ ಮಾಡ್ತವೆ. ಇವೆಲ್ಲ ಮೊದಲು ತಿನ್ನೋದು ಸಿಮೆಂಟನ್ನು. ಆಮೇಲೆ ಕಂಬಿಯ ಸರದಿ.

ಗಮನಿಸಿ, ಸಿಮೆಂಟೇ ಕರಗಿ ಹೋಗೋ ಕಡೆ ಕಂಬಿಗೆ ಬಣ್ಣ ಬಳಿದು ಲಾಭ ಇಲ್ಲ. ಹಾಗಾಗಿ ನಮ್ಮ ಹೋರಾಟ ಕಂಬಿಯಲ್ಲಿ ಶುರುವಾಗಬಾರದು, ಕಾಂಕ್ರೀಟಿನ ಮೇಲ್ಮೈಯಲ್ಲಿ ಶುರುವಾಗಬೇಕು.

ಮೂರು ಕೆಲಸ: ಕವರ್, ನೀರು, ಕ್ಯೂರಿಂಗ್

ಮೊದಲನೆಯದು ಕವರ್. ಕಂಬಿಯಿಂದ ಕಾಂಕ್ರೀಟಿನ ಹೊರಮೈಗೆ ಇರೋ ದೂರವೇ ಕವರ್. ಐಎಸ್ 456 ವಾತಾವರಣ ನೋಡಿ ಇದನ್ನು ಹೇಳುತ್ತೆ. ಮನೆಯೊಳಗಿನ ಒಣ ಜಾಗಕ್ಕೆ 20 ಮಿಮೀ. ಮಳೆ, ತೇವ ತಾಗೋ ಕಡೆಗೆ 30 ಮಿಮೀ. ಒಮ್ಮೆ ನೆನೆದು ಒಮ್ಮೆ ಒಣಗೋ ಕಡೆಗೆ 45 ಮಿಮೀ. ಸಮುದ್ರದ ನೀರು ಎರಚೋ ಕಡೆಗೆ 50 ಮಿಮೀ. ಪಿಲ್ಲರಿಗೆ ಸಾಮಾನ್ಯವಾಗಿ 40 ಮಿಮೀ, ಪಾಯದ ಫುಟಿಂಗಿಗೆ 50 ಮಿಮೀಗಿಂತ ಕಡಿಮೆ ಬೇಡ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿಯೋ ಆಳ ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ಹೆಚ್ಚುತ್ತೆ. ಬಿಡಿಸಿ ಹೇಳಬೇಕು ಅಂದ್ರೆ, ಕವರ್ ಎರಡು ಪಟ್ಟಾದರೆ ಕಂಬಿ ಮುಟ್ಟೋಕೆ ಬೇಕಾಗೋ ಕಾಲ ನಾಲ್ಕು ಪಟ್ಟು. 15 ಮಿಮೀ ದಾಟೋಕೆ 10 ವರ್ಷ ಹಿಡಿಯೋ ಕಾಂಕ್ರೀಟಿನಲ್ಲಿ 30 ಮಿಮೀ ದಾಟೋಕೆ 40 ವರ್ಷ. ಇಷ್ಟು ಅಗ್ಗದ ವಿಮೆ ಬೇರೆ ಯಾವುದಿದೆ?

ನಮ್ಮಲ್ಲಿ ಕಂಬಿ ಕೆಳಗೆ ಜಲ್ಲಿ ಚೂರು ಇಡೋ ರೂಢಿ. ಮೇಲೆ ನಾಲ್ಕು ಜನ ಓಡಾಡಿದ ಕೂಡಲೇ ಅದು ಜಾರುತ್ತೆ, ಕಂಬಿ ಹಲಗೆಗೆ ತಾಗಿ ಕೂರುತ್ತೆ. ಸೆಂಟ್ರಿಂಗ್ ಬಿಚ್ಚಿದಾಗ ಮೋಲ್ಡಿನ ಅಡಿಯಲ್ಲಿ ಕಂಬಿ ಬರೆ ಎಳೆದ ಹಾಗೆ ಕಾಣೋದು ಅದಕ್ಕೇ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳಿನ ಗಾರೆಯಲ್ಲಿ ಬೇಕಾದ ದಪ್ಪದ ಬಿಲ್ಲೆ ಮಾಡಿ, ಒಳಗೆ ಬೈಂಡಿಂಗ್ ವೈರ್ ಸಿಕ್ಕಿಸಿ, ಒಂದು ವಾರ ನೀರಲ್ಲಿ ಮುಳುಗಿಸಿಡಿ. ಅದನ್ನು ಒಂದು ಮೀಟರಿಗಿಂತ ಹತ್ತಿರ ಹತ್ತಿರ ಕಂಬಿಗೆ ಕಟ್ಟಿಸಿ. ರೆಡಿಮೇಡ್ ಕವರ್ ಬ್ಲಾಕೂ ಸಿಗುತ್ತೆ. ವೈರಿನ ತುದಿ ಒಳಮುಖವಾಗಿ ಮಡಚಿರಲಿ, ಹೊರಗೆ ಚಾಚಿದ ತುದಿಯಿಂದಲೇ ತುಕ್ಕು ಒಳಗೆ ನಡೀತದೆ.

ಒಂದು ಎಚ್ಚರಿಕೆ. ಕವರ್ ಜಾಸ್ತಿ ಮಾಡೋಣ ಅಂತ ಅದೇ ದಪ್ಪದ ಮೋಲ್ಡಿನಲ್ಲಿ ಕಂಬಿಯನ್ನು ಮೇಲಕ್ಕೆ ಎತ್ತಿಬಿಟ್ಟರೆ ಮೋಲ್ಡಿನ ಬಲ ಕಡಿಮೆಯಾಗುತ್ತೆ. ಕವರ್ ಹೆಚ್ಚಬೇಕು ಅಂದರೆ ದಪ್ಪವೂ ಹೆಚ್ಚಬೇಕು. ಅದನ್ನು ಎಂಜಿನಿಯರ್ ಹತ್ತಿರ ಮೊದಲೇ ಹೇಳಿ ನಕ್ಷೆಯಲ್ಲಿ ಬರೆಸಿಕೊಳ್ಳಿ. ಸಜ್ಜಾದಲ್ಲಿ ಮಾತ್ರ ಮುಖ್ಯ ಕಂಬಿ ಮೇಲೆ ಇರುತ್ತೆ, ಅದನ್ನು ತುಳಿದು ಕೆಳಗೆ ಇಳಿಸಿದರೆ ಸಜ್ಜಾನೇ ಬೀಳುತ್ತೆ.

ಎರಡನೆಯದು ನೀರು. ಕಾಂಕ್ರೀಟು ಸಲೀಸಾಗಿ ಹರೀಲಿ ಅಂತ ಬಕೆಟ್ ಮೇಲೆ ಬಕೆಟ್ ನೀರು ಸುರೀತಾರೆ. ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಕಿದ ನೀರು ಆಮೇಲೆ ಆರಿಹೋಗಿ ಅದರ ಜಾಗದಲ್ಲಿ ರಂಧ್ರ ಉಳಿಯುತ್ತೆ. ಗಾಳಿ, ಉಪ್ಪು ಒಳಗೆ ಹೋಗೋ ದಾರಿ ಅದೇ. 50 ಕೆಜಿ ಸಿಮೆಂಟ್ ಚೀಲಕ್ಕೆ ಒಣ ಜಾಗದ ಕೆಲಸಕ್ಕೆ ಹೆಚ್ಚೆಂದರೆ 27 ಲೀಟರ್, ಮಳೆ ತೇವದ ಕಡೆಗೆ 25 ಲೀಟರ್, ನೆನೆದು ಒಣಗೋ ಕಡೆಗೆ 22 ಲೀಟರ್ ನೀರು. ಮರಳು ಒದ್ದೆ ಇದ್ದರೆ ಅದರಲ್ಲಿರೋ ನೀರೂ ಇದರಲ್ಲೇ ಸೇರಬೇಕು. 22 ಲೀಟರಿಗೆ ಮಾಲು ಗಟ್ಟಿ ಆಗುತ್ತೆ, ಅದಕ್ಕೆ ಪ್ಲಾಸ್ಟಿಸೈಸರ್ ದ್ರಾವಣ ಸಿಗುತ್ತೆ. ಕೊಳ್ಳುವಾಗ ಕ್ಲೋರೈಡ್ ಇಲ್ಲದ್ದು ಅಂತ ಡಬ್ಬಿ ಮೇಲೆ ಬರೆದಿದೆಯಾ ನೋಡಿ.

ಬೋರ್ ನೀರು ಸಪ್ಪೆ ಅನ್ನಿಸದಿದ್ದರೆ ಮೊದಲು ಪರೀಕ್ಷೆ ಮಾಡ್ಸಿ. ಕಂಬಿ ಇರೋ ಕಾಂಕ್ರೀಟಿಗೆ ಕಲೆಸೋ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ನೀರಾವರಿ ನೀರಿನ ರಿಪೋರ್ಟಿನಲ್ಲಿ ಕ್ಲೋರೈಡನ್ನು ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಕೊಟ್ಟಿದ್ದರೆ ಅದನ್ನು 35.5ರಿಂದ ಗುಣಿಸಿ. 14 ದಾಟಿದ್ದರೆ ಆ ನೀರು ಬೇಡ.

ಮೂರನೆಯದು ಕ್ಯೂರಿಂಗ್. ನಮ್ಮ ಕಡೆ ಈ ಪದ ಕೇಳಿದ ತಕ್ಷಣ ಬ್ಯಾರನ್ ನೆನಪಾಗುತ್ತೆ. ಬ್ಯಾರನ್ನಿನ ಕ್ಯೂರಿಂಗ್ ಅಂದರೆ ಎಲೆಯಿಂದ ನೀರು ತೆಗೆಯೋದು. ಕಾಂಕ್ರೀಟಿನ ಕ್ಯೂರಿಂಗ್ ಅದಕ್ಕೆ ಪೂರ್ತಿ ಉಲ್ಟಾ, ನೀರು ಹೋಗದ ಹಾಗೆ ಹಿಡಿದಿಡೋದು. ಸಿಮೆಂಟು ಗಟ್ಟಿಯಾಗೋದು ಒಣಗಿ ಅಲ್ಲ, ನೀರಿನ ಜೊತೆ ಕೂಡಿ. ಮೊದಲ ದಿನಗಳಲ್ಲಿ ಮೇಲ್ಮೈ ಒಣಗಿದರೆ ಕೆಡೋದು ಕವರ್ ಭಾಗವೇ, ಕಂಬಿಯನ್ನು ಕಾಯಬೇಕಾದ ಭಾಗವೇ.

ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸೋ ಪಿಪಿಸಿಗೆ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ತೇವ ಆರಬಾರದು. ದಿನಕ್ಕೆ ಎರಡು ಸಲ ಪೈಪ್ ಹಿಡಿದರೆ ಅದು ಕ್ಯೂರಿಂಗ್ ಅಲ್ಲ. ಮೋಲ್ಡಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಲ್ಲರಿಗೆ ಗೋಣಿ ತಾಟು ಸುತ್ತಿ. ಬೇಲ್ ಕಟ್ಟೋ ಹಳೇ ತಾಟು ಬೇಕಾದಷ್ಟು ಮನೆಯಲ್ಲಿರುತ್ತೆ. ತಾಟಿನ ತಲೆಗೆ ಒಂದು ಡ್ರಿಪ್ ಪೈಪ್ ಸುತ್ತಿ ಹನಿ ಬಿಟ್ಟರೆ ನೀರೂ ಉಳಿಯುತ್ತೆ, ಆಳೂ ಬೇಡ. ಆ ಪೈಪಲ್ಲಿ ಪೊಟ್ಯಾಷ್ ಬಿಟ್ಟಿದ್ದರೆ ಮೊದಲು ಚೆನ್ನಾಗಿ ತೊಳೀರಿ.

ಖರ್ಚು ಎಲ್ಲಿ ಹಾಕೋದು?

ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1.5 ಮೀಟರ್ ಆಳದ ಒಂದು ಸ್ಲರಿ ತೊಟ್ಟಿ ಅಂದ್ಕೊಳ್ಳಿ. ಗೋಡೆ, ತಳ 15 ಸೆಂಟಿಮೀಟರ್ ದಪ್ಪ ಅಂದರೆ ಸುಮಾರು ಮೂರೂವರೆ ಘನ ಮೀಟರ್ ಕಾಂಕ್ರೀಟು. ಮಾಮೂಲಿಗಿಂತ ಒಂದು ಘನ ಮೀಟರಿಗೆ ಒಂದು ಚೀಲ ಸಿಮೆಂಟು ಹೆಚ್ಚು ಹಾಕಿದರೂ ಒಟ್ಟು ಮೂರೂವರೆ ಚೀಲ. ಕವರ್ ಬ್ಲಾಕ್, ಪ್ಲಾಸ್ಟಿಸೈಸರ್ ಸೇರಿಸಿದರೂ ಖರ್ಚು ಕೈಮೀರಲ್ಲ. ಅದೇ ತೊಟ್ಟಿಗೆ ಘನ ಮೀಟರಿಗೆ 80ರಿಂದ 100 ಕೆಜಿ ಲೆಕ್ಕದಲ್ಲಿ ಸುಮಾರು 300 ಕೆಜಿ ಕಂಬಿ ಬರುತ್ತೆ. ಲೇಪನಕ್ಕೆ ಕೆಜಿಗೆ ಎಷ್ಟು ಹೆಚ್ಚು ಕೇಳ್ತಾರೋ ಅದನ್ನು 300ರಿಂದ ಗುಣಿಸಿ, ಸಾಗಾಣಿಕೆ ಸೇರಿಸಿ, ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ನೀರು ನಿಲ್ಲಿಸೋ ತೊಟ್ಟಿಗಳಿಗೆ ಐಎಸ್ 3370 ಅನ್ನೋ ಮಾನದಂಡ ಎಂ30 ದರ್ಜೆಯ ಕಾಂಕ್ರೀಟು ಕೇಳುತ್ತೆ. ಬಾಂಡ್ಲಿ ಲೆಕ್ಕದಲ್ಲಿ ಕಲೆಸೋದು ಎಂ20ವರೆಗೆ ಮಾತ್ರ ಸರಿ. ಅದಕ್ಕಿಂತ ಮೇಲಿನದಕ್ಕೆ ಎಂಜಿನಿಯರ್ ಹತ್ತಿರ ಮಿಕ್ಸ್ ಡಿಸೈನ್ ಬರೆಸಿಕೊಳ್ಳಿ, ಇಲ್ಲಾ ರೆಡಿಮಿಕ್ಸ್ ತರಿಸಿ.

ಇನ್ನು ಒಂದೊಂದು ಕಟ್ಟಡಕ್ಕೂ ನನ್ನ ಸಲಹೆ:

ಕೊಟ್ಟಿಗೆ: ಪಿಲ್ಲರಿನ ಬುಡದಲ್ಲೇ ತುಕ್ಕು ಮೊದಲು ಬರೋದು. ಬುಡದ ಸುತ್ತ ಮೊಣಕಾಲೆತ್ತರಕ್ಕೆ ದಟ್ಟ ಕಾಂಕ್ರೀಟಿನ ಕಟ್ಟೆ ಮಾಡಿಸಿ. ಗಂಜಲದ ಚರಂಡಿ ಪಿಲ್ಲರಿಂದ ದೂರ ಹೋಗೋ ಹಾಗೆ ನೆಲದ ಇಳಿಜಾರು ಇರಲಿ. ಮೋಲ್ಡಿನ ಅಡಿಗೆ 30 ಮಿಮೀ ಕವರ್, ಮೇಲೆ ಗಾಳಿ ಆಡೋಕೆ ಕಿಂಡಿ. ದುಡ್ಡು ಕಡಿಮೆ ಇದ್ದರೆ ಮೋಲ್ಡಿನ ಬದಲು ಶೀಟು ಹಾಕಿಸಿ, ಹಸುವಿಗೂ ಗಾಳಿ ಚೆನ್ನಾಗಿ ಸಿಗುತ್ತೆ.

ಗೊಬ್ಬರದ ಕೋಣೆ: ಚೀಲಗಳನ್ನು ಮರದ ಹಲಗೆ ಮೇಲೆ, ಗೋಡೆ ಪಿಲ್ಲರಿಂದ ಒಂದೂವರೆ ಅಡಿ ದೂರದಲ್ಲಿ ಪೇರಿಸಿ. ಎಂಒಪಿ ಮಾತ್ರ ಅಲ್ಲ, ಅಮೋನಿಯಂ ಸಲ್ಫೇಟ್, ಎಸ್‌ಒಪಿ ಕೂಡ ಕಾಂಕ್ರೀಟಿಗೆ ಒಳ್ಳೇದಲ್ಲ. ಸುರಿದದ್ದನ್ನು ನೀರು ಹಾಕಿ ತೊಳೀಬೇಡಿ, ಒಣಗಿದ್ದಾಗಲೇ ಗುಡಿಸಿ ಹೊಲಕ್ಕೆ ಹಾಕಿ. ಡ್ರಿಪ್ಪಿಗೆ ಬಿಡೋ ಗೊಬ್ಬರವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ.

ಜೀವಾಮೃತ: ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಮಾಡೋರಿಗೆ ಪ್ಲಾಸ್ಟಿಕ್ ಡ್ರಮ್ ಸಾಕು, ತೊಟ್ಟಿಯೇ ಬೇಡ. ದೊಡ್ಡ ತೊಟ್ಟಿ ಬೇಕೇ ಬೇಕು ಅಂದರೆ ಒಳಗೆ ಪಾಲಿಥೀನ್ ಹೊದಿಕೆ ಹಾಸಿ.

ಗೋಬರ್ ಗ್ಯಾಸ್: 1984ರಲ್ಲಿ ಬಂದ ದೀನಬಂಧು ಮಾದರಿಯ ಗುಮ್ಮಟ ಇಟ್ಟಿಗೆಯದು, ಅದರ ಆಕಾರವೇ ಅದರ ಬಲ. ಕಂಬಿಯೇ ಇಲ್ಲದ ಗುಮ್ಮಟಕ್ಕೆ ತುಕ್ಕಿನ ಚಿಂತೆಯೂ ಇಲ್ಲ. ಕಂಬಿ ಬೇಡದ ಕಡೆ ಕಂಬಿ ಹಾಕದೆ ಇರೋದೂ ಒಂದು ಉಪಾಯ.

ಲೇಪನದ ಕಂಬಿಯೇ ಬೇಕು ಅನ್ನೋರಿಗೆ

ಕರಾವಳಿಯ ಓದುಗರು, ಅಥವಾ ಎಂಜಿನಿಯರೇ ಬರೆದುಕೊಟ್ಟಿರೋರು ಇಷ್ಟನ್ನು ನೋಡ್ಕೊಳ್ಳಿ. ಕಾರ್ಖಾನೆಯಲ್ಲೇ ಲೇಪನ ಆಗಿರಬೇಕು, ಐಎಸ್ 13620 ಪ್ರಕಾರದ ಪರೀಕ್ಷಾ ಪತ್ರ ಕೇಳಿ. ಸೈಟಿನಲ್ಲಿ ಬ್ರಷ್ಷಿಂದ ಬಳಿಯೋ ಆಯಿಲ್ ಪೇಂಟ್ ಇದಕ್ಕೆ ಸಮ ಅಲ್ಲ. ಅದು ಕಂಬಿಗೂ ಕಾಂಕ್ರೀಟಿಗೂ ಇರೋ ಹಿಡಿತವನ್ನೇ ಹಾಳು ಮಾಡುತ್ತೆ. ಎಪಾಕ್ಸಿಯಲ್ಲೂ ಹಿಡಿತ ಸ್ವಲ್ಪ ಕಡಿಮೆ. ಅದಕ್ಕೇ ಅಮೆರಿಕದ ನಿಯಮದಲ್ಲಿ ಕಂಬಿ ಕಾಂಕ್ರೀಟಿನೊಳಗೆ ಹೂತಿರಬೇಕಾದ ಉದ್ದವನ್ನು ಕೆಲವು ಕಡೆ ಒಂದೂವರೆ ಪಟ್ಟು ಮಾಡ್ತಾರೆ. ಕಂಬಿ ಜೋಡಿಸೋ ಕಡೆ ಎಷ್ಟು ಉದ್ದ ಮೇಲೊಂದು ಬರಬೇಕು ಅಂತ ಎಂಜಿನಿಯರನ್ನೇ ಕೇಳಿ.

ಕಂಬಿಯನ್ನು ಎಳೀಬೇಡಿ, ಇಬ್ಬರು ಮೂವರು ಹಿಡಿದು ಎತ್ತಿ. ಮರದ ತುಂಡಿನ ಮೇಲೆ ಇಟ್ಟು, ಬಿಸಿಲು ಬೀಳದ ಹಾಗೆ ಟಾರ್ಪಾಲ್ ಮುಚ್ಚಿ. ಪ್ಲಾಸ್ಟಿಕ್ ಹೊದಿಸಿದ ಬೈಂಡಿಂಗ್ ವೈರ್ ಬಳಸಿ. ಕತ್ತರಿಸಿದ ತುದಿ, ಬಗ್ಗಿಸಿದ ಕಡೆ, ಗೀಚಿದ ಕಡೆಗೆಲ್ಲ ಕಂಪನಿ ಕೊಡೋ ತೇಪೆ ಎಪಾಕ್ಸಿಯನ್ನು ಕಾಂಕ್ರೀಟು ಹಾಕೋ ಮುಂಚೆ ಹಚ್ಚಿ. ಇದನ್ನೆಲ್ಲ ಮಾಡೋಕೆ ಮೇಸ್ತ್ರಿ ಒಪ್ಪದಿದ್ದರೆ ಮಾಮೂಲಿ ಕಂಬಿಯೇ ವಾಸಿ. ಮತ್ತೆ ಲೇಪನ ಇದೆ ಅಂತ ಕವರ್ ಒಂದು ಮಿಲಿಮೀಟರೂ ಕಡಿಮೆ ಮಾಡೋ ಹಾಗಿಲ್ಲ.

ಮಾಮೂಲಿ ಕಂಬಿ ಮೇಲೆ ಒರೆಸಿದರೆ ಹೋಗೋ ತೆಳು ಕೆಂಪು ಪುಡಿ ಇದ್ದರೆ ಗಾಬರಿ ಬೇಡ. ಹಾಳೆ ಹಾಳೆಯಾಗಿ ಏಳೋ ತುಕ್ಕಿದ್ದರೆ ವಾಪಸ್ ಕಳಿಸಿ. ಮುಂದೆ ಮಹಡಿ ಕಟ್ಟೋಣ ಅಂತ ಆಕಾಶಕ್ಕೆ ಬಿಟ್ಟ ಕಂಬಿಗಳಿದ್ದರೆ ಬಡ ಕಾಂಕ್ರೀಟು ಸುರಿದು ಮುಚ್ಚಿಡಿ, ಬೇಕಾದಾಗ ಒಡೆದುಕೊಳ್ಳಬಹುದು.

ಕಾಂಕ್ರೀಟ್ ಹಾಕೋ ಹಿಂದಿನ ಸಂಜೆ, ಕೈಯಲ್ಲಿ ಮೊಬೈಲ್ ಹಿಡಿದು

ಕಾಂಕ್ರೀಟು ಬಿದ್ದ ಮೇಲೆ ಒಳಗಿರೋದು ಯಾರಿಗೂ ಕಾಣಲ್ಲ. ಹಾಗಾಗಿ ಹಿಂದಿನ ಸಂಜೆ ಐದು ಫೋಟೊ ತೆಗೀರಿ.

1. ಟೇಪ್ ಹಿಡಿದು ಕಂಬಿಯಿಂದ ಹಲಗೆಗೆ ಎಷ್ಟು ದೂರ ಅಂತ ಕಾಣೋ ಹಾಗೆ, ನಾಲ್ಕು ಕಡೆ.
2. ಕವರ್ ಬ್ಲಾಕ್‌ಗಳು ಪೂರ್ತಿ ಕಾಣೋ ಹಾಗೆ.
3. ಕಂಬಿ ಮೇಲಿನ ಹೆಸರು, ದರ್ಜೆ. ಐಎಸ್ 1786 ಗುರುತಿನ ಜೊತೆಗಿರೋ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ.
4. ಸಿಮೆಂಟ್ ಚೀಲದ ಮೇಲಿನ ತಯಾರಾದ ವಾರ, ವರ್ಷ. ಮೂರು ತಿಂಗಳಿಗಿಂತ ಹಳೇದು ಬೇಡ.
5. ನೀರು ಅಳೆಯೋ ಬಕೆಟ್, ಗುರುತು ಹಾಕಿದ್ದು.

ಇವನ್ನು ಎಂಜಿನಿಯರಿಗೂ ಮೇಸ್ತ್ರಿಗೂ ವಾಟ್ಸ್ಯಾಪ್ ಮಾಡಿ. ಯಾರ ಮೇಲೂ ಅನುಮಾನ ಪಡೋಕಲ್ಲ. ಫೋಟೊ ಹೋಗುತ್ತೆ ಅಂತ ಗೊತ್ತಿದ್ದರೆ ಬಿಲ್ಲೆ ಇಡೋದು ಯಾರಿಗೂ ಮರೆಯಲ್ಲ. ಕ್ಯೂರಿಂಗಿಗೆ ಮೊಬೈಲಲ್ಲಿ ದಿನಕ್ಕೆ ನಾಲ್ಕು ಅಲಾರಂ, 14 ದಿನ.

ಕಟ್ಟಿ ಆಗಿರೋರು ಏನು ನೋಡಬೇಕು?

ಕಂಬಿಯ ದಾರಿಯಲ್ಲೇ ನೇರವಾಗಿ ಓಡೋ ಬಿರುಕು, ಕಂದು ಕಲೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು. ಈ ಮೂರರಲ್ಲಿ ಒಂದಿದ್ದರೂ ಒಳಗೆ ತುಕ್ಕು ಕೆಲಸ ಮಾಡ್ತಿದೆ ಅಂತ ಅರ್ಥ. ಮೇಲೆ ಗಾರೆ ಮೆತ್ತಿ ಸುಣ್ಣ ಹೊಡೆದರೆ ಎರಡು ಮಳೆಗಾಲಕ್ಕೆ ಮತ್ತೆ ಬರುತ್ತೆ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಭಾಗದವರೆಗೂ ಕೆತ್ತಿ ತೆಗೆದು, ಕಂಬಿಯನ್ನು ತಂತಿ ಬ್ರಷ್ಷಿಂದ ಹೊಳೆಯೋವರೆಗೂ ಉಜ್ಜಿ, ತುಂಬಾ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಿ, ಆಮೇಲೆ ದಟ್ಟ ಗಾರೆ ತುಂಬಬೇಕು. ಪಿಲ್ಲರ್, ತೊಲೆಗೆ ಮಾತ್ರ ಎಂಜಿನಿಯರ್ ಬಂದು ನೋಡದೆ, ಕೆಳಗೆ ಊರೆ ಕೊಡದೆ ಉಳಿ ಮುಟ್ಟಿಸಬೇಡಿ. ಅಲ್ಲಿಯವರೆಗೆ ಹಸುಗಳನ್ನು ಆ ಕಡೆಯಿಂದ ಬಿಚ್ಚಿ ಬೇರೆ ಕಡೆ ಕಟ್ಟಿ.

ಹೈನುಗಾರಿಕೆಯ ಸಾಲ ತೀರೋಕೆ ಐದಾರು ವರ್ಷ ಹಿಡಿಯುತ್ತೆ. ಕೊಟ್ಟಿಗೆ ಅದಾದ ಮೇಲೂ ಇಪ್ಪತ್ತು ಮೂವತ್ತು ವರ್ಷ ದುಡೀಬೇಕು, ಲಾಭ ಸಿಗೋದು ಆಗಲೇ. ಈ ಬೇಸಿಗೆಯಲ್ಲಿ ಕಟ್ಟೋರು ಕಂಬಿಯ ಬಣ್ಣ ಕೇಳೋ ಮುಂಚೆ ಮೇಸ್ತ್ರಿಗೆ ಈ ಮೂರು ಪ್ರಶ್ನೆ ಕೇಳಿ: ಕವರ್ ಎಷ್ಟು ಬಿಡ್ತೀರಿ, ಚೀಲಕ್ಕೆ ಎಷ್ಟು ಲೀಟರ್ ನೀರು, ಎಷ್ಟು ದಿನ ಕ್ಯೂರಿಂಗ್? ಉತ್ತರ ತಡವರಿಸದೆ ಬಂದರೆ ಕೆಲಸ ಶುರು ಮಾಡ್ಸಿ.